ಹೊರ್ತಿ ವಿಮಾನದ ಎರಡೆಳೆ ತಂತಿ

1974ರ ಜನವರಿ 27. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಇಂಡಿ ಠಾಣೆಗೆ ಬಂದ ದೂರಿನಲ್ಲಿ, ಫೌಜದಾರ ಶ್ರೀಶೈಲಪ್ಪನವರು ಹದಿನಾರು ವರ್ಷದ ನೌಕರಿಯಲ್ಲಿ ಎಂದೂ ಓದಿರದ ಒಂದು ವಾಕ್ಯವಿತ್ತು: ‘ನನ್ನ ಪತಿಯ ಯುದ್ಧವಿಮಾನಕ್ಕೆ ಬೇರೆ ಜಾತಿಯ ಎಂಜಿನ್ ಕೂಡಿಸಿ ಅವರನ್ನು ಕೊಂದಿದ್ದಾನೆ.’ ದೂರು ಕೊಟ್ಟವರು ಹೊರ್ತಿಯ ಸಾವಿತ್ರೀಬಾಯಿ. ಆರೋಪಿ ಅದೇ ಊರಿನ ಪಂಪ್‌ಸೆಟ್ ಮೇಸ್ತ್ರಿ ನಬಿಲಾಲ.

“ಎಂಜಿನ್ನಿಗೂ ಜಾತಿ ಬಂತ್ರಿ ಸಾಹೇಬ್ರ,” ಎಂದ ಹೆಡ್ ಕಾನ್ಸ್‌ಟೇಬಲ್ ಧೂಳಪ್ಪ.

“ನೀ ಎಫ್‌ಐಆರ್ ಬರಿ. ಜಾತಿ ನಾ ನೋಡ್ತೇನಿ.”

ಧೂಳಪ್ಪ ಯಾರ ದನಿಯನ್ನಾದರೂ ಕದಿಯಬಲ್ಲವನು. ಆ ಠಾಣೆಯಲ್ಲಿ ದಾಖಲಾಗದ ಕಳವು ಅದೊಂದೇ. ಮಧ್ಯಾಹ್ನ ಬಿಜಾಪುರದ ಡಿವೈಎಸ್‌ಪಿ ಫೋನಿನಲ್ಲಿ ಹೇಳಿದ್ದನ್ನು ಅವರದೇ ಗೊಗ್ಗರು ದನಿಯಲ್ಲಿ ಒಪ್ಪಿಸಿದ: “ಇಪ್ಪತ್ತೊಂಬತ್ತರ ಸಂಜಿ ಒಳಗ ಆ ಮೇಸ್ತ್ರಿ ಕೋರ್ಟಿನ್ಯಾಗ ಇರಬೇಕ್ರಿ ಶ್ರೀಶೈಲಪ್ಪ.” ನಬಿಲಾಲನ ಕೈಯಲ್ಲಿ ಇದ್ದದ್ದು ಎರಡು ದಿನ.

ಸಾವಿತ್ರೀಬಾಯಿಯ ಗಂಡ ವಿಠ್ಠಲರಾಯರು ವಾಯುದಳದಲ್ಲಿ ಪೈಲಟ್ ಆಗಿದ್ದವರು. ನಿವೃತ್ತರಾದ ಮೇಲೆ ಪುಣೆಯ ಗುಜರಿ ಹರಾಜಿನಲ್ಲಿ ಮಹಾಯುದ್ಧದ ಕಾಲದ ಫೈಟರ್ ವಿಮಾನವೊಂದನ್ನು ಕೊಂಡು, ರೆಕ್ಕೆ ಬಿಚ್ಚಿಸಿ ಲಾರಿಯಲ್ಲಿ ತಂದಿದ್ದರು. ಅದಕ್ಕೆ ಎಂಜಿನ್ ಇರಲಿಲ್ಲ. ಅದರ ನಮೂನೆಯದು ಎಲ್ಲಿಯೂ ಸಿಗದೆ, ಆಮೇಲಿನ ನಮೂನೆಯ ದೊಡ್ಡ ಎಂಜಿನ್ ತರಿಸಿ ನಬಿಲಾಲನಿಂದ ಕೂಡಿಸಿದ್ದರು. ಹಾರಿಸಲು ಪರವಾನಗಿ ಇರಲಿಲ್ಲ. 26ರ ಕೃಷಿ ಪ್ರದರ್ಶನದಲ್ಲಿ ನೆಲದ ಮೇಲೆ ಓಡಿಸಿ ತೋರಿಸುವುದಷ್ಟೇ. ಸಂಜೆ 4.10ಕ್ಕೆ ಓಟ ಹಿಡಿದ ವಿಮಾನ ಸರಕ್ಕನೆ ಬಲಕ್ಕೆ ಹೊರಳಿ ಬಾವಿಯ ಕಟ್ಟೆಗೆ ಬಡಿಯಿತು. ರಾಯರು ಅಲ್ಲಿಯೇ ತೀರಿಕೊಂಡರು.

ಪಂಚನಾಮೆ ಶುರುವಾದದ್ದು 27ರ ಮಧ್ಯಾಹ್ನ ಎರಡೂವರೆಗೆ. ಬಾವಿಯ ಸುತ್ತ ಅರ್ಧ ಊರು ನೆರೆದಿತ್ತು. ನಬಿಲಾಲನನ್ನು ಜೀಪಿನಿಂದ ಇಳಿಸಿದಾಗ, ನಿನ್ನೆಯವರೆಗೆ ಅವನನ್ನು ‘ಮಾಮಾ’ ಎಂದು ಕರೆಯುತ್ತಿದ್ದವರೆಲ್ಲ ಬಾವಿಯೊಳಗೆ ನೀರೆಷ್ಟಿದೆ ಎಂದು ಬಗ್ಗಿ ನೋಡತೊಡಗಿದರು.

“ಬ್ಯಾರೆ ಎಂಜಿನ್ ಹಾಕಿದ್ರ ಏನಾಗ್ತೈತಿ?” ಫೌಜದಾರರು ಕೇಳಿದರು.

“ಇದು ಭಾರ ಐತ್ರಿ. ಮೂಗು ನೆಲಕ್ಕ ಕುಕ್ಕತೈತಿ ಅಂತ ಬಾಲದಾಗ ಮರಳಿನ ಚೀಲ ತುಂಬೇನಿ. ಮತ್ತ ಇದರ ಪಂಖಾ ತಿರಗೋದು ಉಲ್ಟಾರಿ. ಹಳೇದು ವಿಮಾನನ್ನ ಎಡಕ್ಕ ಎಳೀತಿತ್ತು. ಬಲಗಾಲ ಪೆಡಲ್ ಒತ್ತಿದ್ರ ನೆಟ್ಟಗ ಓಡ್ತಿತ್ತು. ಇದು ಬಲಕ್ಕ ಎಳೀತೈತಿ, ಎಡಗಾಲು ಒತ್ತಬೇಕು.”

“ರಾಯರಿಗೆ ಗೊತ್ತಿತ್ತೋ ಇಲ್ಲೋ?”

“ನನಗ ಕಲಿಸಿದವರ ಅವರ್ರಿ.”

ಬಾಲದ ಚುಕ್ಕಾಣಿಯ ಅಂಚಿಗೆ ಗೇಣುದ್ದದ ಒಂದು ತಗಡಿನ ಪಟ್ಟಿ ಇತ್ತು. ಎಡಗಾಲಿಗೆ ಭಾರ ಕಡಿಮೆಯಾಗಲೆಂದು ಅದನ್ನು ಒಂದು ಬದಿಗೆ ಬಾಗಿಸಿ ತಂತಿಯಿಂದ ಬಿಗಿದಿದ್ದೆ ಎಂದು ತೋರಿಸಹೋದ ನಬಿಲಾಲನ ಕೈ ಅರ್ಧಕ್ಕೇ ನಿಂತಿತು.

“ಸಾಹೇಬ್ರ, ಇದು ಆ ಕಡಿ ಬಾಗೇತಿ. ನಾ ಕಟ್ಟಿದ್ದು ಈ ಕಡಿ. ಹಿಂಗಿದ್ರ ಎಡಗಾಲು ಎಷ್ಟು ಒತ್ತಿದ್ರೂ ಬಲಕ್ಕ ಎಳೀತೈತಿ.”

“ಎಲ್ಲಾರೂ ಹಿಂಗ ಅಂತಾರ,” ಎಂದ ಧೂಳಪ್ಪ.

“ತಂತಿನೂ ನಂದಲ್ರಿ. ನಾ ಒಂದೆಳಿ ಸುತ್ತಿ ಇಕ್ಕಳದಾಗ ಹಿಂಡ್ತೇನಿ. ಇದು ಎರಡೆಳಿ, ಜಡಿ ಹೆಣದಂಗ ಐತಿ.”

ಶ್ರೀಶೈಲಪ್ಪ ಮೊಣಕಾಲೂರಿ ನೋಡಿದರು. ಹೊಸ ತಂತಿ. ಎರಡೆಳೆ ಸಮನಾಗಿ ಹೊಸೆದಿತ್ತು, ತುದಿ ಯಾರ ಕೈಗೂ ಚುಚ್ಚದಂತೆ ಒಳಕ್ಕೆ ಮಡಿಸಿತ್ತು. ಅವರು ಇಡೀ ವಿಮಾನದ ತಂತಿಗಳನ್ನು ಎಣಿಸಿದರು. ನಲವತ್ತೊಂದು ಒಂದೆಳೆಯವು. ಎರಡೆಳೆಯದು ಇದೊಂದೇ.

ಸಂಶಯ ಮೊದಲು ಹೋದದ್ದು ಸತ್ತವರ ಮೇಲೆಯೇ. 28ರ ಬೆಳಿಗ್ಗೆ ಸಾವಿತ್ರೀಬಾಯಿಯನ್ನು ಕೇಳಿದರು: “ರಾಯರು ತಾವ ಕಟ್ಟಿರಬಹುದಲ್ರಿ?”

“ಅವರು? ಮೂವತ್ತು ವರ್ಷ ಅವರ ಅಂಗಿ ಗುಂಡಿ ನಾನೇ ಹಚ್ಚೇನಿ. ಹಾರಿಸೋರು ಬ್ಯಾರೆ, ಬಿಗಿಯೋರು ಬ್ಯಾರೆ ಅಂತಿದ್ರು. ವಾಯುದಳದಾಗ ಇಕ್ಕಳ ಮುಟ್ಟಿದವರಲ್ಲ.”

“ನಬಿಲಾಲನ್ನ ಬಿಟ್ಟು ವಿಮಾನದ ಹತ್ರ ಮತ್ಯಾರು ಬರ್ತಿದ್ರು?”

“ಬಣ್ಣ ಹಚ್ಚಾಕ ಸಿಂದಗಿಯಿಂದ ಒಬ್ಬ ಬರ್ತಿದ್ದ. ಬೋರ್ಡ್ ಬರಿಯೋ ಗುರಪ್ಪ. ಇಪ್ಪತ್ತೈದಕ್ಕೂ ಬಂದಿದ್ದ, ರೆಕ್ಕಿ ಮ್ಯಾಲಿನ ವಾಯುದಳದ ಚಕ್ರದ ಗುರುತು ತಿದ್ದಬೇಕು ಅಂತ. ಭಾಳ ಅಚ್ಚುಕಟ್ಟಿನ ಮನಶಾ.”

29ರ ಬೆಳಿಗ್ಗೆ 11.40ಕ್ಕೆ ಫೌಜದಾರರು ಧೂಳಪ್ಪನೊಂದಿಗೆ ಸಿಂದಗಿ ಬಸ್‌ಸ್ಟ್ಯಾಂಡಿನ ಎದುರಿನ ಗುರಪ್ಪನ ಅಂಗಡಿಯಲ್ಲಿದ್ದರು. ಬಿಳಿ ಗಡ್ಡ, ಸಣಕಲು ಮೈ. ಯಾವುದೋ ಕಿರಾಣಿ ಅಂಗಡಿಯ ಬೋರ್ಡಿನ ಮೇಲೆ ‘ತೊಗರಿ’ಯ ‘ರಿ’ಗೆ ಗುಡಿಸು ಎಳೆಯುತ್ತಿದ್ದ. ಪೊಲೀಸರನ್ನು ಕಂಡೂ ಗೆರೆ ಅಲುಗಲಿಲ್ಲ.

“ವಿಮಾನದ ಕೆಲಸ ಗೊತ್ತೇನಪಾ?”

“ಬಣ್ಣಷ್ಟ ಗೊತ್ರಿ.”

“ಮೊದಲ ಎಲ್ಲಿದ್ದಿ?”

“ಮುಂಬೈ ಗಿರಣಿಯಾಗ.”

ಮೂಲೆಯಲ್ಲಿ ಹನ್ನೆರಡು ಬಣ್ಣದ ಡಬ್ಬಿ ಸಾಲಾಗಿದ್ದವು. ಹನ್ನೆರಡಕ್ಕೂ ತಂತಿಯ ಹಿಡಿಕೆ. ಎಲ್ಲವೂ ಎರಡೆಳೆ, ಸಮ ಹೊಸೆತ, ತುದಿ ಒಳಕ್ಕೆ. ಧೂಳಪ್ಪ ಜೇಬಿನಿಂದ ವಿಮಾನದ ತಂತಿ ತೆಗೆದು ಒಂದು ಡಬ್ಬಿಯ ಮೇಲಿಟ್ಟ.

“ಗಿರಣಿಯಾಗ ಹಿಂಗ ಹೆಣಿಯಾಕ ಕಲಸ್ತಾರೇನ್ರಿ?” ಎಂದು ಈ ಸಲ ತನ್ನದೇ ದನಿಯಲ್ಲಿ ಕೇಳಿದ.

ಗುರಪ್ಪ ಕುಂಚವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಇಟ್ಟು, ಎದ್ದು ನಿಂತ.

ಪಂಚರ ಸಮಕ್ಷಮ ಟ್ರಂಕು ತೆಗೆಸಿದಾಗ ಒಂದು ಹಳದಿ ಕಾಗದ ಸಿಕ್ಕಿತು. 1946ರ ಆದೇಶ: ಚುಕ್ಕಾಣಿ ಪಟ್ಟಿಯನ್ನು ತಪ್ಪು ಬದಿಗೆ ಬಿಗಿದ ಕಾರಣ ಈ ಮೆಕ್ಯಾನಿಕ್ ವಾಯುದಳದಿಂದ ವಜಾ.

“ತಪ್ಪು ಬದಿಗೆ ಬಿಗಿದಿದ್ದಿಲ್ರಿ,” ಎಂದ ಗುರಪ್ಪ. “ಆವತ್ತೂ ಹೊಸ ಎಂಜಿನ್. ಉಲ್ಟಾ ತಿರಗೋದು ಐತ್ರಿ ಸಾಹೇಬ್ರ ಅಂತ ಎರಡು ಸಲ ಹೇಳಿದ್ದೆ. ಇದ ರಾಯರು ಹಳೇ ರೂಢಿ ಮ್ಯಾಲೆ ಬಲಗಾಲ ಒತ್ತಿ ವಿಮಾನ ನಮ್ಮ ಡೇರೆ ಮ್ಯಾಲೆ ಹಾಯಿಸಿದ್ರು. ನನ್ನ ಜೋಡಿ ಅದ ಡೇರೆದಾಗ ಮಲಗತಿದ್ದ ಹುಡುಗ ಸತ್ತುಹೋದ. ವಿಚಾರಣಿಯಾಗ ಅವರು ನನ್ನ ಪಟ್ಟಿ ತಪ್ಪು ಅಂದ್ರು.”

“ಇಲ್ಲಿ ನಿನ್ನ ಗುರುತು ಹಿಡಿಲಿಲ್ಲೇನು?”

“ಆಗೂ ನಮ್ಮ ಮುಖ ನೋಡ್ತಿದ್ದಿಲ್ರಿ.”

“ಸಾಯ್ಲಿ ಅಂತ ಮಾಡಿದಿ?”

“ಇಲ್ರಿ. ಮತ್ತ ಅದ ನಮೂನಿ ಎಂಜಿನ್, ಅದ ಕಾಲು. ಊರ ಮಂದಿ ಮುಂದ ಅವರ ಕಾಲು ತಪ್ಪಬೇಕಿತ್ತು. ಜೋಳದ ಹೊಲಕ್ಕ ನುಗ್ಗತಾರ, ಮಂದಿ ನಗತೈತಿ ಅಂದ್ಕೊಂಡೆ.”

“ಹಂಗಾದ್ರ ಪಟ್ಟಿ ಯಾಕ ಮುಟ್ಟಿದಿ? ಕಾಲು ತಾನ ತಪ್ಪತಿತ್ತಲ್ಲ?”

ಗುರಪ್ಪ ಟ್ರಂಕಿನ ಮುಚ್ಚಳ ಮುಚ್ಚಿ ಚಿಲಕ ಹಾಕಿದ.

“ಈ ಸಲ ಎಲ್ಲಿ ಸರಿಯಾಗಿ ಎಡಗಾಲು ಒತ್ತಿಬಿಡ್ತಾರೋ ಅಂತ ಅಂಜಿಕಿ ಬಂತ್ರಿ.”

ದಸ್ತಗಿರಿ ಬರೆದದ್ದು 3.15ಕ್ಕೆ. ಇಂಡಿಗೆ ಮರಳಿದ ಕೂಡಲೇ ನಬಿಲಾಲನನ್ನು ಬಿಟ್ಟರು. ಅವನು ಚಪ್ಪಲಿ ಹುಡುಕುವುದನ್ನೂ ಮರೆತು ನಡೆದುಬಿಟ್ಟ. ಮೇಜಿನ ಮೇಲೆ ಶವಪರೀಕ್ಷೆಯ ವರದಿ ಆಗಷ್ಟೇ ಬಂದಿತ್ತು. ಫೌಜದಾರರು ಅದನ್ನು ಓದುತ್ತಿದ್ದಂತೆ ಲಾಕಪ್ಪಿನ ಸರಳಿನ ಆಚೆಯಿಂದ ಗುರಪ್ಪ ಕೇಳಿದ.

“ಸಾಹೇಬ್ರ, ಯಾವ ಕಾಲು ಒತ್ತಿದ್ರಂತ?”

ಪೆಡಲಿಗೆ ಸಿಕ್ಕಿ ಹಿಮ್ಮಡಿ ಮುರಿದದ್ದು ಒಂದೇ ಕಾಲಿನದು. ಶ್ರೀಶೈಲಪ್ಪ ಆ ಸಾಲನ್ನು ಎರಡು ಸಲ ಓದಿದರು.

“ಎಡಗಾಲು,” ಎಂದರು.