ಗಾಳಿ ಕಡಿಮೆ ಇರಲಿಲ್ಲ

“ಇದು ಮೂರನೇ ಸಲ ಮಿಸ್ ನಟೋಯಾ. ಹೆಬ್ಬೆರಳು ಎತ್ತಿದ್ರೆ ‘ಮೇಲಕ್ಕೆ ಹೋಗೋಣ’ ಅಂತ ಅರ್ಥ. ‘ಎಲ್ಲಾ ಸರಿ ಇದೆ’ ಅಂತಲ್ಲ. ಇನ್ನೆಷ್ಟು ಸಲ ಹೇಳಲಿ?”

ಎದೆಮಟ್ಟದ ನೀರಿನಲ್ಲಿ ನಿಂತು, ಮೂಗಿನಿಂದ ಉಪ್ಪುನೀರು ಸುರಿಸುತ್ತಾ, ನಟೋಯಾ ಆ ಮನುಷ್ಯನನ್ನು ದುರುಗುಟ್ಟಿ ನೋಡಿದಳು.

“ನೋಡಿ ಸ್ವಾಮಿ, ಒಂಬತ್ತು ವರ್ಷದಿಂದ ನಾನು ಅರೀಮಾ ರೋಡಲ್ಲಿ ಮ್ಯಾಕ್ಸಿ ಟ್ಯಾಕ್ಸಿ ಓಡಿಸ್ತಾ ಇದ್ದೀನಿ. ಅಲ್ಲಿ ಹೆಬ್ಬೆರಳು ಎತ್ತಿದ್ರೆ ‘ಆಯ್ತು, ಹೋಗು’ ಅಂತ. ಈ ಕೈಗೆ ಅದೇ ಅಭ್ಯಾಸ. ನನ್ನ ಮಾತೇ ಕೇಳಲ್ಲ, ಇನ್ನು ನಿಮ್ಮದು ಕೇಳುತ್ತಾ?”

“ಇದು ಅರೀಮಾ ರೋಡಲ್ಲ, ಸ್ಪೇಸೈಡ್ ಸಮುದ್ರ. ಇಲ್ಲಿ ಬಾಯಿಗೆ ಕೊಳವೆ ಸಿಗಿಸಿರ್ತೀವಿ. ಮಾತಾಡೋದು ಕೈ ಒಂದೇ. ಅದು ತಪ್ಪು ಹೇಳಿದ್ರೆ ನಿಮ್ಮ ಮನೆಯವರಿಗೆ ಉತ್ತರ ಕೊಡಬೇಕಾದೋನು ನಾನು.”

ಬೈಯುವಾಗಲೂ ಅವನ ಕಣ್ಣು ನಗುತ್ತಿತ್ತು. ನಟೋಯಾಳ ಮೈ ಉರಿದದ್ದು ಬೈಗುಳಕ್ಕಲ್ಲ, ಆ ನಗುವಿಗೆ.

“ಇನ್ನೊಮ್ಮೆ ಒಪ್ಪಿಸಿ. ಇದು?” ಎಂದು ಅವನು ಬೆರಳನ್ನು ಉಂಗುರ ಮಾಡಿ ತೋರಿಸಿದ.

“ಎಲ್ಲಾ ಸರಿ ಇದೆ.”

“ಇದು?” ಮುಷ್ಟಿ ಕಟ್ಟಿ ಎದೆಯ ಮೇಲಿಟ್ಟ.

“ಸಿಲಿಂಡರಲ್ಲಿ ಗಾಳಿ ಕಡಿಮೆ ಆಗಿದೆ.”

“ಭೇಷ್. ಟ್ರಿನಿಡಾಡಿನವರಿಗೂ ತಲೆ ಇದೆ ಅಂತಾಯ್ತು.”

*ಇವನ ಕೊಬ್ಬೇ...* ಎಂದುಕೊಂಡಳು ನಟೋಯಾ. ಎಂದುಕೊಳ್ಳುತ್ತಲೇ ತುಟಿ ಯಾಕೋ ತಾನಾಗಿಯೇ ಅಗಲವಾಯಿತು.

ಅಕೀಲ್ ಮೆಲ್ವಿಲ್‌ಗೆ ಮೂವತ್ತೆಂಟು ವರ್ಷ. ಟೊಬೇಗೊ ದ್ವೀಪದ ಈ ತುದಿಯಲ್ಲಿ ಡೈವಿಂಗ್ ಕಲಿಸುವ ಅಂಗಡಿ ಅವನದು. ಅಂಗಡಿಯೆಂದರೆ ಎರಡು ದೋಣಿ, ಒಂದು ತಗಡಿನ ಶೆಡ್ಡು, ಶೆಡ್ಡಿನಲ್ಲಿ ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ. ಆ ಯಂತ್ರದ ಪಕ್ಕ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದವರು ಅವನ ಸೋದರಮಾವ, ಅಂಕಲ್ ಓಬಿ. ನಲವತ್ತೊಂದು ವರ್ಷದಿಂದ ಈ ಕಡಲಿಗೆ ಇಳಿದ ಒಂದೊಂದು ಸಿಲಿಂಡರೂ, ಅದರಲ್ಲಿ ಗಾಳಿ ಎಷ್ಟಿದೆಯೆಂದು ತೋರಿಸುವ ಒಂದೊಂದು ಮೀಟರೂ ಅವರ ಕೈ ದಾಟಿಯೇ ಇಳಿದಿತ್ತು. ಬೇರೆಯವರು ಮುಟ್ಟಿದರೆ ಆಗುತ್ತಿರಲಿಲ್ಲ.

ಪಕ್ಕದ ಟ್ರಿನಿಡಾಡ್ ದ್ವೀಪದಿಂದ ನಟೋಯಾ ಬಂದದ್ದು ಒಂದು ವಾರದ ರಜೆಗೆ. ಅದೂ ಚಿಕ್ಕಮ್ಮನ ಮಗಳು ಗಿಸೆಲ್ ಜಗಳವಾಡಿ ಎಳೆತಂದದ್ದು. ಅಪ್ಪನಿಗೆ ಮಂಡಿ ಹೋದ ಮೇಲೆ ಅವರ ಮ್ಯಾಕ್ಸಿ, ಜನ ಸಾಗಿಸುವ ಆ ಪುಟ್ಟ ಬಸ್ಸು, ಇವಳ ಕೈಗೆ ಬಂದಿತ್ತು. ನಿಶ್ಚಯವಾಗಿದ್ದ ಹುಡುಗ, “ಸ್ಟೀರಿಂಗ್ ಹಿಡಿಯೋಳು ನಮ್ಮ ಮನೆಗೆ ಬೇಡ” ಅಂದ. ಉಂಗುರ ವಾಪಸ್ಸು ಕೊಟ್ಟು ಗಾಡಿ ಸ್ಟಾರ್ಟ್ ಮಾಡಿದ್ದಳು ನಟೋಯಾ. ಅಂದಿನಿಂದ ಬೆಳಗಾದರೆ ಕೂಗು, ಹಾರ್ನು, ಚೌಕಾಸಿ. ಯಾರೇ ಏನೇ ಅಂದರೂ ಅವಳ ನಾಲಿಗೆಯ ತುದಿಯಲ್ಲಿ ಉತ್ತರವಿರುತ್ತಿತ್ತು. ಮೆಲ್ಲಗೆ ಮಾತಾಡಲು ಮಾತ್ರ ಯಾರೂ ಇರಲಿಲ್ಲ.

ನೀರಿನ ಕೆಳಗೆ ಯಾರೂ ಕೂಗುತ್ತಿರಲಿಲ್ಲ. ಎರಡನೆಯ ದಿನವೇ ಅವಳಿಗೆ ಅದು ಹಿಡಿಸಿಬಿಟ್ಟಿತು. ಅಲ್ಲಿ ತನ್ನ ಉಸಿರಿನ ಸದ್ದು ಬಿಟ್ಟರೆ ಪಕ್ಕದಲ್ಲಿ ಅಕೀಲ್, ಅಷ್ಟೇ.

ಮೂರನೆಯ ದಿನ ಮಧ್ಯಾಹ್ನ ಶೆಡ್ಡಿನ ಮುಂದೆ ಏಡಿ ಸಾರು, ಹಿಟ್ಟಿನ ಕಡುಬು. ಅವಳು ಏಡಿಯ ಕೊಂಡಿಯ ಜೊತೆ ಗುದ್ದಾಡುವುದನ್ನು ನೋಡಿ ಅಕೀಲ್ ಅದನ್ನು ಕಿತ್ತುಕೊಂಡ. ಕಲ್ಲಿನಲ್ಲಿ ಜಜ್ಜಿ, ಒಳಗಿನ ಮಾಂಸ ಬಿಡಿಸಿ ಅವಳ ತಟ್ಟೆಗೆ ಇಟ್ಟ.

“ನಮ್ಮಲ್ಲೂ ಏಡಿ ಇದೆ ಸ್ವಾಮಿ. ತಿನ್ನೋಕೆ ಬರುತ್ತೆ ನನಗೆ.”

“ಇರಬಹುದು. ಆದ್ರೆ ನಿಮ್ಮ ಏಡಿಗಳು ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡು ಅಲ್ಲೇ ಮುದುಕಾಗಿರ್ತವೆ.”

ಅಂಕಲ್ ಓಬಿ ಕೆಮ್ಮುವಷ್ಟು ನಕ್ಕರು. ನಟೋಯಾ ಕೂಡ ನಕ್ಕಳು. ನಕ್ಕು ತಲೆಯೆತ್ತಿದಾಗ ಅಕೀಲ್ ಅವಳನ್ನೇ ನೋಡುತ್ತಿದ್ದ. ತಟ್ಟನೆ ಏಡಿಯ ಕಡೆ ತಿರುಗಿಕೊಂಡ.

*ಬೇಡ ಕಣೇ... ಭಾನುವಾರ ಹಡಗು ಹತ್ತೋಳು ನೀನು. ಬೇಡದ್ದು ತಲೆಗೆ ಹಚ್ಕೋಬೇಡ.*

ಮನಸ್ಸಿಗೆ ಬುದ್ಧಿ ಹೇಳಿದ್ದು ಆಯಿತು. ಅದು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಾಲ್ಕನೆಯ ದಿನ, ಗುರುವಾರ, ಅಕೀಲ್ ಅವಳೊಬ್ಬಳನ್ನೇ ಆಳದ ಕಡೆ ಕರೆದೊಯ್ದ. ಅಲ್ಲಿ ಈಜುವ ಕೆಲಸವಿಲ್ಲ. ಸೆಳವು ತಾನೇ ಹೊತ್ತುಕೊಂಡು ಹೋಗುತ್ತದೆ. ಲಾರಿಯಷ್ಟು ದೊಡ್ಡ ಹವಳದ ಗುಡ್ಡೆಯೊಂದರ ಹತ್ತಿರ ಸೆಳವು ಅವಳನ್ನು ಒಂದೇ ಸಲ ಬದಿಗೆ ತಳ್ಳಿತು. ಕೈಕಾಲು ಬಡಿದಳು. ಅಷ್ಟರಲ್ಲಿ ಅವನ ಕೈ ಅವಳ ಮಣಿಕಟ್ಟು ಹಿಡಿದಿತ್ತು. ಎಳೆದು ಬಂಡೆಯ ಮರೆಗೆ ತಂದ. ಭುಜ ಹಿಡಿದು ಮೆಲ್ಲಗೆ ತಿರುಗಿಸಿ, ಮೇಲೆ ನೋಡು ಎಂದು ತೋರಿಸಿದ.

ಮೇಲೆ ಕಂಬಳಿಯಷ್ಟು ಅಗಲದ ತೊರಕೆ ಮೀನೊಂದು ಆತುರವಿಲ್ಲದೆ ರೆಕ್ಕೆ ಬಡಿಯುತ್ತಾ ಅವರ ತಲೆಯ ಮೇಲೆಯೇ ಹಾದುಹೋಯಿತು.

ನಟೋಯಾಳಿಗೆ ಅಳು ಬಂತು. ಇಷ್ಟು ವರ್ಷ ಎಲ್ಲರನ್ನೂ ಅವರವರ ಮನೆ ಮುಟ್ಟಿಸಿದವಳನ್ನು ಇಂದು ಯಾರೋ ಕೈಹಿಡಿದು ಒಂದು ಕಡೆ ಮುಟ್ಟಿಸಿದ್ದರು. ಅವಳು ಅವನ ಕಡೆ ತಿರುಗಿದಳು. ಅರೀಮಾ ರೋಡಿನಲ್ಲಿ ದಾರಿ ಬಿಟ್ಟುಕೊಟ್ಟವರಿಗೆ, ಕೆಟ್ಟುನಿಂತ ಗಾಡಿ ತಳ್ಳಿಕೊಟ್ಟವರಿಗೆ ಡ್ರೈವರುಗಳು ಒಂದು ಸನ್ನೆ ಮಾಡುತ್ತಾರೆ. ನಿನ್ನನ್ನು ಎದೆಯಲ್ಲಿ ಇಟ್ಟುಕೊಂಡಿದ್ದೇನೆ ಎನ್ನುವ ಸನ್ನೆ. ಅವಳ ಕೈ ಅವಳನ್ನು ಕೇಳಲೇ ಇಲ್ಲ...

ಮುಷ್ಟಿ ಕಟ್ಟಿ ಎದೆಯ ಮೇಲಿಟ್ಟು, ಎರಡು ಸಲ ಬಡಿದಳು.

ಅಕೀಲನ ಕಣ್ಣು ಅಗಲವಾಯಿತು. ಮರುಗಳಿಗೆಯಲ್ಲಿ ತನ್ನ ಬಳಿಯಿದ್ದ ಎರಡನೆಯ ಕೊಳವೆಯನ್ನು ಅವಳ ಬಾಯಿಗಿಟ್ಟ. ಅವಳ ಜಾಕೆಟ್ಟಿನ ಪಟ್ಟಿ ಗಟ್ಟಿಯಾಗಿ ಹಿಡಿದು ಮೇಲಕ್ಕೆ ಹೊರಟ. ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ. ಇವನಿಗೇ ಏನೋ ಆಗಿರಬೇಕೆಂದು ಹೆದರಿ ಅವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

ನೀರಿನ ಮೇಲೆ ತಲೆ ಬಂದೊಡನೆ ಅವನು ಅವಳ ಮೀಟರನ್ನು ಎಳೆದು ನೋಡಿದ.

“ಅರ್ಧಕ್ಕಿಂತ ಜಾಸ್ತಿ ಗಾಳಿ ಇದೆಯಲ್ಲ! ಮತ್ತೆ ಕಡಿಮೆ ಆಗಿದೆ ಅಂತ ಯಾಕೆ ತೋರಿಸಿದ್ರಿ?”

ಆಗ ಹೊಳೆಯಿತು ನಟೋಯಾಳಿಗೆ. ಮುಷ್ಟಿ... ಎದೆ... ಗಾಳಿ ಕಡಿಮೆ. ಮೊದಲ ದಿನವೇ ಒಪ್ಪಿಸಿದ್ದ ಪಾಠ. ಕಿವಿಯವರೆಗೂ ಬಿಸಿಯೇರಿತು. ಈಗ ಏನೆಂದು ಹೇಳುವುದು? ಬಾಯಿ ಬಿಟ್ಟರೆ ಬಣ್ಣಗೇಡು. ನಾಲ್ಕು ದಿನದ ಪರಿಚಯದ ಗಂಡಸಿಗೆ, ಸಮುದ್ರದ ನಡುವೆ ತೇಲುತ್ತಾ...

“ಮುಳ್ಳು... ಕೆಳಗೆ ಇಳಿದ ಹಾಗೆ ಕಾಣಿಸ್ತು,” ಎಂದುಬಿಟ್ಟಳು.

ಅಕೀಲ್ ಮತ್ತೆ ಮೀಟರ್ ನೋಡಿದ. ಅವನ ಮುಖ ಕಪ್ಪಿಟ್ಟಿತು. ದೋಣಿ ದಡ ಮುಟ್ಟುವ ತನಕ ಅವನು ಆ ಮೀಟರನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಮರುದಿನ ಬೆಳಗ್ಗೆ ಗಿಸೆಲ್ ಉಪ್ಪುಮೀನಿನ ಪಲ್ಯವನ್ನು ರೊಟ್ಟಿಗೆ ತುರುಕುತ್ತಾ ಊರ ಸುದ್ದಿ ಹೇಳಿದಳು. ಅವಳು ನೀರಿಗಿಳಿಯುವವಳಲ್ಲ. ದಡದಲ್ಲಿ ಕೂತು ಸುದ್ದಿ ಹಿಡಿಯುವವಳು.

“ಇವತ್ತು ದೋಣಿ ಹೋಗಲ್ವಂತೆ ಕಣೇ. ನಿನ್ನ ಮೀಟರ್ ಮುಳ್ಳು ಸಿಕ್ಕಾಕೊಂಡಿತ್ತಂತಲ್ಲ? ಪಾಪ, ಆ ಮುದುಕ ಸಂಜೆವರೆಗೂ ಎಲ್ಲಾ ಬಿಚ್ಚಿಟ್ಕೊಂಡು ಕೂತಿದ್ರಂತೆ. ಏನೂ ಸಿಕ್ಕಿಲ್ಲ. ‘ನನ್ನ ಕಣ್ಣೇ ಮಂಜಾಗಿರಬೇಕು, ಒಬ್ಬರ ಜೀವ ಹೋಗೋಕೆ ಮುಂಚೆ ಬಿಡ್ತೀನಿ’ ಅಂದ್ರಂತೆ. ಇವತ್ತು ಕೆಲಸ ಬಿಟ್ಟು ಮನೆಗೆ ಹೋಗ್ತಾರಂತೆ.”

ನಟೋಯಾಳ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು.

“ಮುಳ್ಳು ಸಿಕ್ಕಾಕೊಂಡಿರಲಿಲ್ಲ ಗಿಸೆಲ್. ನಾನು ಸುಳ್ಳು ಹೇಳ್ದೆ.”

ನಡೆದದ್ದೆಲ್ಲ ಹೇಳಿದಳು. ಗಿಸೆಲ್ ಕಣ್ಣು ಬಾಯಿ ಬಿಟ್ಟು ಕೇಳಿದಳು. ನಗು ಬರುವಂತಿತ್ತು, ಆದರೆ ಅಕ್ಕನ ಮುಖ ನೋಡಿ ನುಂಗಿಕೊಂಡಳು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲೇ. ಈಗ ಏನ್ಮಾಡ್ತೀಯ? ಸುಮ್ನಿದ್ದು ಭಾನುವಾರ ಹಡಗು ಹತ್ತಿದ್ರೆ ಮುಗೀತು. ಯಾರಿಗೂ ಗೊತ್ತಾಗಲ್ಲ.”

“ನನಗೆ ಗೊತ್ತಿರುತ್ತಲ್ಲ.”

“ಹೇಳಿದ್ರೆ ಅಕೀಲನ ಮುಂದೆನೂ ಹೇಳ್ದಂಗೆ ಆಗುತ್ತೆ. ಅವನು ನಕ್ಕುಬಿಟ್ರೆ?”

ನಟೋಯಾ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

ಶೆಡ್ಡಿನ ನೆಲದ ಮೇಲೆ ಗೋಣಿ ಹಾಸಿ ಅದರ ಮೇಲೆ ಮೀಟರುಗಳನ್ನು ಸಾಲಾಗಿ ಬಿಚ್ಚಿಟ್ಟಿದ್ದರು. ಇಬ್ಬರು ದೋಣಿಯವರು ಬಾಗಿಲಲ್ಲಿ ನಿಂತಿದ್ದರು. ಅಂಕಲ್ ಓಬಿ ತಮ್ಮ ಸ್ಪ್ಯಾನರುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಅಕೀಲ್ ಗೋಡೆಗೆ ಒರಗಿದ್ದ. ನಿದ್ದೆಗೆಟ್ಟ ಕಣ್ಣು.

“ಮಾವ, ಅದನ್ನ ಇಡು. ಇನ್ನೊಂದು ಸಲ ನೋಡೋಣ,” ಅವನು ಬೇಡುತ್ತಿದ್ದ.

“ಎಷ್ಟು ಸಲ ನೋಡ್ತೀಯೋ? ಆ ಮಗು ನನ್ನ ಮೀಟರ್ ನಂಬಿ ಕೆಳಗಿಳೀತು. ಏನಾದ್ರೂ ಆಗಿದ್ರೆ ಅವರಪ್ಪನಿಗೆ ನಾನೇನು ಹೇಳಲಿ?”

ನಟೋಯಾ ದೋಣಿಯವರನ್ನು ದಾಟಿ ಒಳಗೆ ಬಂದಳು. ಒಂಬತ್ತು ವರ್ಷ ಅರೀಮಾ ರೋಡಿನಲ್ಲಿ ಕೂಗಿದ ದನಿ ಅವಳದು. ಈಗ ಮೆಲ್ಲಗೆ ಬಂತು.

“ಅಂಕಲ್ ಓಬಿ... ನಿಮ್ಮ ಮೀಟರ್ ಸರಿಯಾಗೇ ಇತ್ತು. ನಾನು ಅದನ್ನ ನೋಡೇ ಇಲ್ಲ.”

ಎಲ್ಲರೂ ತಿರುಗಿದರು. ಅಕೀಲನ ಕಡೆ ನೋಡಿದರೆ ಮಾತು ನಿಂತುಹೋಗುತ್ತದೆಂದು ಅವಳು ಮುದುಕರ ಮುಖವನ್ನೇ ನೋಡಿದಳು.

“ನಮ್ಮ ರೋಡಲ್ಲಿ ಮುಷ್ಟಿ ಎದೆ ಮೇಲಿಟ್ರೆ... ನಿನ್ನನ್ನ ಎದೇಲಿ ಇಟ್ಕೊಂಡಿದ್ದೀನಿ ಅಂತ ಅರ್ಥ. ನಿನ್ನೆ ಅವ್ರು ನನ್ನ ಕೈಹಿಡಿದು ಎಳ್ಕೊಂಡ್ರು. ಆ ಮೀನು ತೋರಿಸಿದ್ರು. ನನಗೆ ಅವ್ರ ಮೇಲೆ ಮನಸ್ಸಾಯ್ತು. ಅದಕ್ಕೂ ಮುಂಚೆನೇ ಆಗಿತ್ತು. ಅದನ್ನೇ ಹೇಳೋಕೆ ಹೋದೆ. ಗಾಳಿ ಕಡಿಮೆ ಇರಲಿಲ್ಲ. ಮೇಲೆ ಬಂದು ನಾಚಿಕೆಗೆ ಸುಳ್ಳು ಹೇಳಿಬಿಟ್ಟೆ. ನಿಮ್ಮ ತಲೆ ಮೇಲೆ ಬರುತ್ತೆ ಅಂತ ಗೊತ್ತಿರಲಿಲ್ಲ. ತಪ್ಪಾಯ್ತು, ಕ್ಷಮಿಸಿಬಿಡಿ.”

ಶೆಡ್ಡಿನಲ್ಲಿ ಗಾಳಿಯ ಯಂತ್ರ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಅಂಕಲ್ ಓಬಿ ಎದ್ದು ಅದನ್ನು ಆರಿಸಿದರು. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬ ಅನುಮಾನವಿತ್ತು ಅವರಿಗೆ.

“ಅಂದ್ರೆ ಕೆಟ್ಟಿದ್ದು ಮೀಟರಲ್ಲ?”

“ಅಲ್ಲ ಅಂಕಲ್.”

“ಕೆಟ್ಟಿದ್ದು ಹುಡುಗಿ ತಲೆ?”

ಬಾಗಿಲಲ್ಲಿದ್ದ ದೋಣಿಯವನೊಬ್ಬ ಕಿಸಕ್ಕನೆ ನಕ್ಕ. ಅಂಕಲ್ ಓಬಿ ನಗಲಿಲ್ಲ. ಸ್ಟೂಲಿನ ಮೇಲೆ ಕೂತು ಎರಡು ಕೈಯಿಂದಲೂ ಮುಖ ಉಜ್ಜಿಕೊಂಡರು. ಮುಖದಿಂದ ಕೈ ತೆಗೆದಾಗ ಕಣ್ಣು ಒದ್ದೆಯಾಗಿತ್ತು.

“ನಿನ್ನೆಯಿಂದ ಅನ್ನ ಸೇರಿಲ್ಲ ನನಗೆ. ಇಂಥ ಸುಳ್ಳು ಇನ್ಯಾವತ್ತೂ ಹೇಳಬೇಡಮ್ಮ.”

“ಹೇಳಲ್ಲ ಅಂಕಲ್.”

“ಬಂದು ಹೇಳ್ದೆಯಲ್ಲ, ಅಷ್ಟು ಸಾಕು.” ಆಮೇಲೆ ಏನೋ ನೆನಪಾದವರಂತೆ ಸೋದರಳಿಯನ ಕಡೆ ತಿರುಗಿದರು. “ಲೋ ಅಕೀಲ್. ಯಾರಾದ್ರೂ ಗಾಳಿ ಕಡಿಮೆ ಅಂತ ತೋರಿಸಿದ್ರೆ ಮೊದಲು ಏನು ಮಾಡಬೇಕು?”

ಅಕೀಲ್ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ನಿಂತ.

“ಊರಿಗೆಲ್ಲ ಪಾಠ ಹೇಳೋನು ನೀನು. ಮೊದಲು ಏನು ನೋಡಬೇಕು?”

“...ಅವರ ಮೀಟರ್ ನೋಡಬೇಕು.”

“ನಿನ್ನೆ ಕೆಳಗೆ ನೋಡಿದ್ಯಾ?”

“ಇಲ್ಲ.”

“ಯಾಕೆ?”

ಅಕೀಲ್ ನೆಲ ನೋಡಿದ. ದೋಣಿಯವರು ಒಬ್ಬರನ್ನೊಬ್ಬರು ತಿವಿದುಕೊಂಡರು. ಅಂಕಲ್ ಓಬಿ ಬಟ್ಟೆ ಬಿಚ್ಚಿ ಸ್ಪ್ಯಾನರುಗಳನ್ನು ಮತ್ತೆ ಅವುಗಳ ಜಾಗಕ್ಕೆ ನೇತುಹಾಕತೊಡಗಿದರು.

“ಇಬ್ರೂ ಹೊರಗೆ ಹೋಗಿ. ನನಗೆ ಇಷ್ಟೊಂದು ಮೀಟರ್ ಜೋಡಿಸೋ ಕೆಲಸ ಹಚ್ಚಿದ್ದೀರ.”

ಹೊರಗೆ ಬಾದಾಮಿ ಮರದ ಕೆಳಗೆ ಎಳೆ ಬಿಸಿಲು. ನಟೋಯಾ ದೂರದ ಪುಟ್ಟ ದ್ವೀಪವೊಂದನ್ನೇ ನೋಡುತ್ತಾ ನಿಂತಳು. ಎದೆ ಹಗುರವಾಗಿತ್ತು. ಅವನು ಬೈದರೂ ಸರಿ, ನಕ್ಕರೂ ಸರಿ. ಹೇಳಬೇಕಾದ್ದನ್ನು ಹೇಳಿಯಾಗಿತ್ತು.

ಅಕೀಲ್ ಬಂದು ಪಕ್ಕದಲ್ಲಿ ನಿಂತ.

“ಕೋಪ ಬಂದಿದೆ ನನಗೆ,” ಅಂದ.

“ಗೊತ್ತು.”

“ನಿನ್ನ ಮೇಲೆ ಅರ್ಧ. ಇನ್ನರ್ಧ ನನ್ನ ಮೇಲೆ. ಹದಿನೈದು ವರ್ಷದಲ್ಲಿ ಮೀಟರ್ ನೋಡದೆ ಯಾರನ್ನೂ ಮೇಲೆ ತಂದಿಲ್ಲ ನಾನು. ನಿನ್ನೆ ನೀನು ಎದೆ ಮೇಲೆ ಕೈಯಿಟ್ಟಾಗ ಕಣ್ಣೇ ಕತ್ತಲೆ ಬಂತು. ಇವಳಿಗೆ ಏನಾದ್ರೂ ಆದ್ರೆ ನಾನು ಹೇಗಿರಲಿ ಅಂತ... ಅದೊಂದೇ ಇದ್ದಿದ್ದು ತಲೇಲಿ.”

ಅವನು ‘ನೀವು’ ಬಿಟ್ಟಿದ್ದನ್ನು ನಟೋಯಾ ಆಗ ಗಮನಿಸಿದಳು. ಅವಳ ಕಣ್ಣು ತುಂಬಿ ಬಂತು.

“ಮಾವನಿಗೆ ನೀನು ಎಲ್ಲಾ ಹೇಳಿದೆ,” ಅಂದ ಅಕೀಲ್. “ದೋಣಿಯವರಿಗೂ ಕೇಳಿಸ್ತು. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತೆ. ನನ್ನೊಬ್ಬನಿಗೆ ಮಾತ್ರ ಹೇಳಿಲ್ಲ.”

ಅವಳು ಅವನ ಕಡೆ ತಿರುಗಿದಳು. ಈ ಸಲ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

“ನನಗೆ ನೀನು ಇಷ್ಟ ಅಕೀಲ್. ತುಂಬಾ ಇಷ್ಟ.”

“ನನಗೂ. ಮೊದಲನೇ ದಿನ ಮೂಗಲ್ಲಿ ನೀರು ಸುರಿಸ್ಕೊಂಡು ಜಗಳಕ್ಕೆ ನಿಂತೆಯಲ್ಲ, ಆಗ್ಲಿಂದ.”

ಅವಳು ನಗುತ್ತಾ ಕಣ್ಣೊರೆಸಿಕೊಂಡಳು. ಆಮೇಲೆ ನಗು ಸ್ವಲ್ಪ ಇಳಿಯಿತು.

“ಸೋಮವಾರ ನಾನು ಗಾಡಿ ತೆಗೀಬೇಕು. ಬಿಡೋಕಾಗಲ್ಲ. ಅದು ನನ್ನ ಕೆಲಸ.”

“ಬಿಡು ಅಂತ ಯಾರಂದ್ರು? ಮುಂದಿನ ವಾರ ದೋಣಿಗೆ ರಜೆ ಹಾಕಿ ನಾನೇ ಬರ್ತೀನಿ. ನೀನು ಓಡಿಸೋದನ್ನ ನೋಡಬೇಕು.”

“ನಮ್ಮ ರೋಡಲ್ಲಿ ಒಂದು ಗಂಟೆ ಕೂತ್ರೆ ನಿಮ್ಮ ಟೊಬೇಗೊದವರು ಅತ್ತುಬಿಡ್ತಾರೆ.”

“ಅಳ್ತೀನಿ. ಯಾವ ಸೀಟಲ್ಲಿ ಕೂತು ಅಳಲಿ, ಅಷ್ಟು ಹೇಳು.”

ನಟೋಯಾ ಅವನ ಕೈಯೊಳಗೆ ತನ್ನ ಕೈ ಇಟ್ಟಳು.

“ಮುಂದಿನ ಸೀಟು, ನನ್ನ ಪಕ್ಕ. ಅಲ್ಲಿ ಯಾರನ್ನೂ ಕೂರಿಸಲ್ಲ ನಾನು. ಬಾ.”