ವಾಪಸಾದ ಹನ್ನೊಂದನೇ ಅರ್ಜಿ

"ಸೋಮವಾರದ ತಪಾಸಣೆ ರದ್ದಾಗೈತಮ್ಮ. ನಿಮ್ಮ ಅತ್ತೇನೇ ಅರ್ಜಿ ವಾಪಸ್ ತಗೊಂಡಾರಲ್ಲ!"

ಮಾಲಿನ್ಯ ತಡೆಯುವ ಕಚೇರಿಯ ಗುಮಾಸ್ತ ಶ್ರೀನಿವಾಸ ಕಡತ ತಿರುಗಿಸಿ ತೋರಿಸಿದ. ಗುಲ್ನಾಜ್ ಬಗ್ಗಿ ನೋಡಿದಳು. ಟೈಪ್ ಮಾಡಿದ ಒಂದೇ ಹಾಳೆ. 'ತಪ್ಪು ತಿಳಿವಳಿಕೆಯಿಂದ ಕೊಟ್ಟ ದೂರನ್ನು ಹಿಂಪಡೆಯುತ್ತೇನೆ.' ಆಗಸ್ಟ್ ಹನ್ನೊಂದರ ತಾರೀಕು. ಕೆಳಗೆ ನೇರಳೆ ಶಾಯಿಯ ಹೆಬ್ಬೆಟ್ಟು.

"ಇದು ನಮ್ಮ ಅತ್ತೇದಲ್ಲ!"

"ಹಳೇ ಅರ್ಜಿ ಪಕ್ಕ ಇಟ್ಟು ನೋಡೀನಿ. ಅವರದೇ. ಬೇಕಾದ್ರ ಫೋಟೋ ತಗೋರಿ."

ಎರಡೂ ಹಾಳೆಗಳ ಫೋಟೋ ತೆಗೆದುಕೊಂಡು ಗುಲ್ನಾಜ್ ಹೊರಬಿದ್ದಳು. ಆಟೊ ಸಿಗುವವರೆಗೂ ನಿಲ್ಲಲಾಗದೆ ನಡೆದೇ ಹೊರಟಳು.

ಅತ್ತೆ ಮಾಬೂಬೀ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ದುಡಿದವಳು. ಅದೇ ಭಟ್ಟಿಯ ಒಲೆಗೆ ಹಳೇ ಟೈರು ತುರುಕತೊಡಗಿದ ಮೇಲೆ ಗಲ್ಲಿಯ ಗೋಡೆಗಳು ಕಪ್ಪಾದವು. ನಾಲ್ಕು ವರ್ಷದ ಮೊಮ್ಮಗಳು ಮುಸರತ್‌ಗೆ ಉಬ್ಬಸ ಹತ್ತಿತು. ಅಕ್ಷರ ಬಾರದ ಮುದುಕಿ ಎರಡು ವರ್ಷದಲ್ಲಿ ಹನ್ನೊಂದು ಅರ್ಜಿ ಬರೆಸಿದಳು. ಪ್ರತಿ ಅರ್ಜಿಯಲ್ಲೂ ಅದೇ ಮಾತು: ಭಟ್ಟಿ ಮುಚ್ಚಬೇಡಿ, ಟೈರು ಸುಡುವುದನ್ನು ನಿಲ್ಲಿಸಿ. ಹನ್ನೊಂದನೆಯದಕ್ಕೆ ಕಚೇರಿ ಕಣ್ಣು ಬಿಟ್ಟಿತ್ತು.

"ಅಲ್ಲಾ ಕಸಮ್, ನಾನು ಒತ್ತಿಲ್ಲ ಬೇಟಿ," ಎಂದಳು ಮಾಬೂಬೀ.

ಹಾಗಾದರೆ ಯಾರು? ಗುಲ್ನಾಜ್‌ಳ ಕಣ್ಣು ತಾನಾಗಿ ಗಂಡ ಬಿಲಾಲ್‌ನ ಕಡೆ ಹೊರಳಿತು. ಅದೇ ಭಟ್ಟಿಯಲ್ಲಿ ಚೀಲ ಹೊರುವವನು. "ನಿಮ್ಮ ಅಮ್ಮಗ ಬುದ್ಧಿ ಹೇಳು, ಇಲ್ಲಾಂದ್ರ ಬ್ಯಾರೆ ಕೆಲಸ ನೋಡ್ಕೊ" ಎಂದು ಮಾಲೀಕ ಮುನಾಫ್ ಮೊನ್ನೆ ತಾನೇ ಗದರಿದ್ದ. ಮಾತ್ರೆ ನುಂಗಿ ಮಲಗಿದ ತಾಯಿಯ ಬೆರಳು ಹಿಡಿದು ಒತ್ತಿಸುವುದು ಮಗನಿಗೆ ಎಷ್ಟರ ಕೆಲಸ?

"ಯಾಕ ಹಂಗ ನೋಡ್ತಿ?" ಎಂದ ಬಿಲಾಲ್.

ಅವಳು ಚಪ್ಪಲಿ ಮೆಟ್ಟಿ ದುರುಗವ್ವನ ಮನೆಗೆ ಓಡಿದಳು.

ದುರುಗವ್ವ ಅದೇ ಗಲ್ಲಿಯ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಹತ್ತಾರು ವರ್ಷ ಕಳ್ಳಕಾಕರ ಬೆರಳಿಗೆ ಮಸಿ ಹಚ್ಚಿದ ಕೈ. ಕನ್ನಡಕ ಏರಿಸಿ ಫೋಟೋ ಹಿಗ್ಗಿಸಿ ನೋಡಿದಳು.

"ಯಾರ ಮ್ಯಾಲ ಅನುಮಾನ?"

"ಮುನಾಫ್ ಸಾಹೇಬ್ರು..."

"ಇನ್ನೊಂದು ಹೆಸರು ಗಂಟಲಾಗ ಸಿಕ್ಕೊಂಡೈತಲ್ಲ?"

ಗುಲ್ನಾಜ್‌ಳ ಕಣ್ಣು ತುಂಬಿತು. "ನನ್ನ ಗಂಡ."

"ಅರ್ಜಿ ಬರೆಯೋರು ಯಾರು?"

"ಹಾಲೇಶಪ್ಪ ಮೇಷ್ಟ್ರು, ವಿನೋಬನಗರದವರು. ಹನ್ನೊಂದೂ ಅವರೇ ಬರದಾರ. ದೇವರಂಥವ್ರು."

"ಕಚೇರಿ ಉತ್ತರ?"

"ಅವರ ವಿಳಾಸಕ್ಕೇ ಬರ್ತಾವ."

ದುರುಗವ್ವ ನೆಟ್ಟಗೆ ಗುಲ್ನಾಜ್ ಮನೆಗೆ ಬಂದು ಮಾಬೂಬೀಯ ಎಡಗೈ ಹೆಬ್ಬೆರಳು ಹಿಡಿದಳು. "ಇದೇನು ಗಾಯ?"

"ಜೂನ್‌ನಾಗ, ಬಕ್ರೀದ್ ದಿನ ಈರುಳ್ಳಿ ಹೆಚ್ಚೋವಾಗ ಆತು. ಎರಡು ಹೊಲಿಗಿ ಬಿದ್ವು."

"ಕೊನೇ ಅರ್ಜಿಗೆ ಒತ್ತಿದ್ದು?"

"ಅದಕ್ಕೂ ಮೊದ್ಲು."

ಅಲ್ಲಿಂದ ಭಟ್ಟಿಗೆ. ಮುನಾಫ್ ಸಿಡುಕಿದ: "ನಾನ್ಯಾಕ ಕಳ್ಳ ಅರ್ಜಿ ಹಾಕ್ಲಿ? ತಪಾಸಣೆಯೋರು ಬಂದ್ರ ಭತ್ತದ ಹೊಟ್ಟು ಸುಡ್ತೀನಿ, ಮುಗೀತು. ಟೈರ್ ಎಲ್ಲಿಂದ ಬರ್ತಾವ ಅಂತಾನೂ ಹುಡುಕ್ತಾರ ಅಂತ ನೋಟಿಸ್ ಬಂದೈತಿ; ಕಷ್ಟ ಟೈರ್ ಕೊಡೋ ಹರಿಹರದವನಿಗೆ."

ಮರುದಿನ ಬೆಳಿಗ್ಗೆ ಗುಲ್ನಾಜ್, ದುರುಗವ್ವ ಇಬ್ಬರೂ ಹರಿಹರದ ಬಸ್ಸು ಹತ್ತಿದರು. ಹೆದ್ದಾರಿ ಪಕ್ಕದ ಅಂಗಡಿಯೊಂದರ ಮುಂದೆ ಸವೆದ ಟೈರುಗಳನ್ನು ಟೆಂಪೋಗೆ ಎಸೆಯುತ್ತಿದ್ದರು. "ಎಲ್ಲಿಗ್ರಿ?" ಎಂದಳು ದುರುಗವ್ವ. "ದಾವಣಗೆರಿ ಭಟ್ಟಿಗೆ." ಬೋರ್ಡಿನ ಮೇಲೆ 'ಮಹಾಂತೇಶ್ ಟೈರ್ಸ್'.

"ಯಾರಿವರು?" ಎಂದಳು ಗುಲ್ನಾಜ್. ದುರುಗವ್ವ ಟೆಂಪೋದ ಆಳನ್ನು ಪಕ್ಕಕ್ಕೆ ಕರೆದು ಮಾಲೀಕ ಯಾರ ಮಗ ಎಂದು ವಿಚಾರಿಸಿ ಬಂದಳು, "ಸಂಜೆ ಹೇಳ್ತೀನಿ" ಎಂದಳು. ಬಸ್ಸು ವಾಪಸು ದಾವಣಗೆರೆ ಮುಟ್ಟುವವರೆಗೂ ಗುಲ್ನಾಜ್ ಕಿಟಕಿಯ ಸರಳು ಹಿಡಿದು, ಬಿಟ್ಟು, ಮತ್ತೆ ಹಿಡಿದಳು.

ಸಂಜೆ ಹಾಲೇಶಪ್ಪ ಮೇಷ್ಟ್ರ ಪಡಸಾಲೆ. ಮಾಬೂಬೀ, ಬಿಲಾಲ್, ಗುಲ್ನಾಜ್, ದುರುಗವ್ವ. ಮೇಷ್ಟ್ರು "ಕೂಡ್ರಿ, ಕೂಡ್ರಿ" ಎಂದು ಚಾಪೆ ಹಾಸಿದರು.

"ಹೆಬ್ಬೆಟ್ಟು ಮಾಬೂಬಮ್ಮಂದೇ," ಎಂದು ಶುರು ಮಾಡಿದಳು ದುರುಗವ್ವ. "ಗುಮಾಸ್ತ ಗೆರಿ ಕೂಡಿದ್ದು ನೋಡಿದ. ಕೂಡಬಾರದ್ದು ಕೂಡೈತಿ ಅನ್ನೋದು ಹೊಳೀಲಿಲ್ಲ. ಈಗ ಈ ಬೆರಳು ಒತ್ತಿದ್ರ ನಡುವ ಅಡ್ಡಕ ಬಿಳೀ ಗೆರಿ ಬೀಳಬೇಕು, ಗಾಯದ ಗೆರಿ. ಆಗಸ್ಟ್ ಕಾಗದದಾಗ ಅದಿಲ್ಲ!"

"ಅಂದ್ರ?" ಎಂದ ಬಿಲಾಲ್.

"ಬಕ್ರೀದ್‌ಗಿಂತ ಮೊದಲು ಒತ್ತಿದ್ದು. ಮಲಗಿದಾಗ ನೀನು ಒತ್ತಿಸಿದ್ದಿದ್ರ ಗಾಯ ಕಾಣ್ತಿತ್ತು. ಖಾಲಿ ಹಾಳಿಗೆ ಮೊದಲು ಹೆಬ್ಬೆಟ್ಟು, ಆಮ್ಯಾಲ ಅಕ್ಷರ. ಹೆಬ್ಬೆಟ್ಟಿಗೆ ತಾಗದಂಗ ಕೊನೇ ಸಾಲು ಹೆಂಗ ಇಕ್ಕಟ್ಟಾಗೈತಿ ನೋಡು. ಮಾಬೂಬಮ್ಮ, ಖಾಲಿ ಹಾಳಿಗೆ ಯಾರ ಮುಂದ ಒತ್ತಿದ್ರಿ?"

ಮುದುಕಿ ತಡವರಿಸಿದಳು. "ತಪ್ಪು ಬಿದ್ರ ಮತ್ತ ಕರೆಯೋದು ಬ್ಯಾಡ, ಇನ್ನೊಂದಕ್ಕೂ ಒತ್ತು ಅಂತ... ಮೇಷ್ಟ್ರು..."

ಮೇಷ್ಟ್ರ ಮುಖ ಸುಣ್ಣವಾಯಿತು.

"ಟೈರ್ ಎಲ್ಲಿಂದ ಬರ್ತಾವ ಅಂತಾನೂ ಹುಡುಕ್ತೀವಿ ಅನ್ನೋ ನೋಟಿಸ್ ನಿಮ್ಮ ವಿಳಾಸಕ್ಕೆ ಬಂತು. ನಿಮ್ಮ ಮಗ ಮಹಾಂತೇಶನ ಅಂಗಡಿಗೆ ಹೋಗಿದ್ವಿ, ಮೇಷ್ಟ್ರೆ."

ಹಾಲೇಶಪ್ಪ ಗೋಡೆಗೆ ಒರಗಿ ಕುಸಿದು ಕುಳಿತರು. "ಹತ್ತು ಅರ್ಜಿ ಬರೆಯೋತನಕ ನನಗ ಗೊತ್ತಿರಲಿಲ್ರಿ. ಹನ್ನೊಂದನೇದು ಕಳಿಸಿದ ಮ್ಯಾಲ ಅವನೇ ಬಾಯಿಬಿಟ್ಟ. ಕೇಸಾದ್ರ ಜೈಲು ಅಪ್ಪಾ ಅಂದ. ಕೂಸಿನ ಉಬ್ಬಸ ಈ ಕಿವಿಲೇ ಕೇಳೀನಿ... ಆದ್ರೂ ಮಾಡಿದೆ."

ಗುಲ್ನಾಜ್ ತಲೆ ತಗ್ಗಿಸಿ ಗಂಡನ ತೋಳು ಮುಟ್ಟಿದಳು. "ನಿಮ್ಮ ಮ್ಯಾಲೇ ಅನುಮಾನ ಪಟ್ಟೆ."

"ಗೊತ್ತು," ಎಂದ ಬಿಲಾಲ್. ತೋಳು ಹಿಂದೆಳೆಯಲಿಲ್ಲ, ಆದರೆ ಅವಳ ಕಡೆ ನೋಡಲೂ ಇಲ್ಲ.

 ಮಾಬೂಬೀ ಚಾಪೆಯ ಮೇಲೆ ಮೇಷ್ಟ್ರ ಕಡೆ ಸರಿದಳು.

"ಮೇಷ್ಟ್ರೇ, ಪೆನ್ನು ತಗೋರಿ."

"ನಾನಾ? ಇನ್ನೂ ನನ್ನ ಕೈಲೆ...?"

"ನಿಮ್ಮಷ್ಟು ಚಂದ ಬರೆಯೋರು ನನಗ ಯಾರದಾರ? ಬರೀರಿ. ಆ ಕಾಗದ ನಂದಲ್ಲ ಅಂತ ಬರೀರಿ. ಯಾರು ಬರದ್ರು ಅಂತಾನೂ. ಟೈರ್ ಯಾರ ಅಂಗಡೀದು ಅಂತಾನೂ."

ಮೇಷ್ಟ್ರು ಹಾಳೆ ತೆಗೆದುಕೊಂಡರು. 'ಮಾನ್ಯರೇ' ಎಂದು ಬರೆದು ಕೈ ನಿಂತಿತು. ಕಣ್ಣೊರೆಸಿಕೊಂಡು ಮುಂದುವರಿದರು. ಮಗನ ಹೆಸರು ಬಂದಾಗ ಅಕ್ಷರ ಸೊಟ್ಟಗಾದವು, ಆದರೂ ಬರೆದರು.

ಗುಲ್ನಾಜ್ ಹಾಳೆ ಇಸಿದುಕೊಂಡು ಒಂದೊಂದು ಪದವನ್ನೂ ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದಳು. ಮುಗಿದ ಮೇಲೂ ಮಾಬೂಬೀ ಹೆಬ್ಬೆಟ್ಟು ಒತ್ತದೆ ಅಂದಳು:

"ಇನ್ನೊಮ್ಮೆ ಓದು."