ಎಕ್ಸ್‌ರೇ ಸ್ವಿಚ್ಚಿನ ಕಳವು

ನವೆಂಬರ್ ೧೨, ೨೦೨೪, ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ಪ್ಯಾರಾಮೆಡಿಕಲ್ ಕಾಲೇಜಿನ ಪ್ರಾಂಶುಪಾಲ ಶಾಂತಕುಮಾರ ಏದುಸಿರು ಬಿಡುತ್ತ ಶಹಾಬಾದ ಠಾಣೆಗೆ ಬಂದರು.

“ಎಕ್ಸ್‌ರೇ ಮಷೀನಿನ ಕೈಸ್ವಿಚ್ ಯಾರೋ ವೈರ್ ಸಮೇತ ಕೊಯ್ಕೊಂಡು ಹೋಗ್ಯಾರ್ರಿ.”

“ಅಷ್ಟು ದೊಡ್ಡ ಮಷೀನ್ ಬಿಟ್ಟು ಬರೇ ಸ್ವಿಚ್ಚಾ?” ಇನ್‌ಸ್ಪೆಕ್ಟರ್ ಗುರುಲಿಂಗಯ್ಯನಿಗೆ ನಗು ತಡೆಯಲಾಗಲಿಲ್ಲ.

“ಅದು ಒತ್ತಿದ್ರೇ ಚಿತ್ರ ಬರೋದು, ಸಾಹೇಬ್ರ. ನಾಳೆ ಕೊನೆ ವರ್ಷದವರ ಪ್ರಾಕ್ಟಿಕಲ್ ಪರೀಕ್ಷಾ. ಸಿಗಲಿಲ್ಲಂದ್ರ ಮಕ್ಕಳ ವರ್ಷ ಮಣ್ಣುಪಾಲು.”

ನಗು ಅಲ್ಲಿಗೆ ನಿಂತಿತು. ಎಫ್‌ಐಆರ್ ದಾಖಲಾಯಿತು.

ಹನ್ನೊಂದೂವರೆಗೆ ಎಕ್ಸ್‌ರೇ ಕೋಣೆಯಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ. ಮಷೀನಿನಿಂದ ಇಳಿಬಿದ್ದಿದ್ದ ಮೋಟು ವೈರನ್ನು ಗುರುಲಿಂಗಯ್ಯ ತಿರುಗಿಸಿ ನೋಡಿದ. ಒಂದು ಮಗ್ಗುಲು ನುಣ್ಣಗೆ ಕೊಯ್ದಿದೆ, ಇನ್ನೊಂದು ಜಜ್ಜಿದೆ. ಎಲಾ ಇದರ! ಅವ್ವನ ಸೊಂಟದ ಎಲೆ ಚೀಲ ನೋಡುತ್ತ ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಇದು ಅಡಕೊತ್ತಿನ ಕೆಲಸ.

“ಇಲ್ಲಿ ಎಲಿ ಅಡಕಿ ಹಾಕ್ಕೊಳ್ಳೋರು ಯಾರದಾರ?”

ಕಾನ್‌ಸ್ಟೇಬಲ್ ರಿಹಾನ ಆಗಲೇ ವಾಚ್‌ಮನ್‌ನನ್ನು ಮಾತಾಡಿಸಿ ಬಂದಿದ್ದಳು. “ಹುಡುಗರು ಯಾರೂ ಇಲ್ರಿ ಸರ್. ಭಂಕೂರದ ಶಿವಗಂಗಾನ ಅತ್ತಿ ಒಬ್ಬಾಕಿ. ದಿನಾ ಸೊಸಿಗೆ ಬುತ್ತಿ ತರ್ತಾಳಂತ. ನಿನ್ನೆ ಎಲ್ಲಾರೂ ಊಟಕ್ಕ ಹೋದಾಗ ಈ ಕೋಣ್ಯಾಗಿಂದ ಹೊರಗ ಬಂದ್ಳಂತ.”

ಕೊನೆ ವರ್ಷದ ಶಿವಗಂಗಾ ಬಂದು ನಿಂತಳು.

“ಬುತ್ತ್ಯಾಗ ಏನು ತರ್ತಾರ?” ಗುರುಲಿಂಗಯ್ಯ ಕೇಳಿದ.

“ರೊಟ್ಟಿ, ಪಲ್ಯ... ಹುಣಸಿ ಚಿಗಳಿ.”

ಎರಡು ಹೆತ್ತ ರಿಹಾನಳಿಗೆ ಆ ಹುಳಿಯ ಹೆಸರೇ ಸಾಕಾಯಿತು. “ಎಷ್ಟು ತಿಂಗಳವ್ವ?”

“ಮೂರು.” ಹುಡುಗಿಯ ಕಣ್ಣು ತುಂಬಿತು. “ಹೇಳಿದ್ರ ಪರೀಕ್ಷಾಕ್ಕ ಕುಂದ್ರಸಂಗಿಲ್ಲಂತ ಅಂಜಿ ಸುಮ್ನಿದ್ದೆ.”

ಶಾಂತಕುಮಾರ ಹಣೆ ಬಡಿದುಕೊಂಡರು. “ಹುಚ್ಚಿ, ಯಾಕ ಕುಂದ್ರಸಂಗಿಲ್ಲ? ಸ್ವಿಚ್ ಒತ್ತೋದು ಸೀಸದ ಗೋಡಿ ಹಿಂದ ನಿಂತು. ಬಸುರಿ ಇದ್ದಾಕಿಗೆ ಹೊಟ್ಟಿ ಮ್ಯಾಲ ಇನ್ನೊಂದು ಬ್ಯಾಡ್ಜ್ ಕೊಡ್ತೀವಿ, ಕಿರಣ ತಾಗಿದ್ರ ತಿಳೀಲಿ ಅಂತ. ಹೇಳಬೇಕಷ್ಟ.”

ಮಧ್ಯಾಹ್ನ ಎರಡಕ್ಕೆ ಭಂಕೂರ. ಅತ್ತೆ ವಿಮಲಾಬಾಯಿ ಪೊಲೀಸರಿಗೆ “ಕುಂದ್ರಿ” ಎಂದವಳೇ ಜೋಳದ ಡಬ್ಬಿಗೆ ಕೈ ಹಾಕಿ ಸ್ವಿಚ್ ತೆಗೆದುಕೊಟ್ಟಳು. ಅಡಕೊತ್ತೂ ಜಪ್ತಿಯಾಯಿತು.

“ಇದು ಒತ್ತಿದ್ರ ಕಿರಣ ಬರ್ತಾವಂತ ಆಕಿನೇ ತೋರಿಸಿದ್ಳು. ಬ್ಯಾಡಂದ್ರ ಕೇಳಲಿಲ್ಲ. ಇದೇ ಇಲ್ಲಂದ್ರ ಏನು ಒತ್ತತಾಳ?”

ರಿಹಾನ ಪಕ್ಕದಲ್ಲಿ ಕುಳಿತು ಸೀಸದ ಗೋಡೆಯ ಮಾತು, ಬ್ಯಾಡ್ಜಿನ ಮಾತು ಬಿಡಿಸಿ ಹೇಳಿದಳು. ಮುದುಕಿ ಎರಡೆರಡು ಸಲ ಕೇಳಿಸಿಕೊಂಡಳು.

“ಹಂಗಾದ್ರ ಲಗೂನ ಒಯ್ದು ಕೊಡ್ರಿ. ಆಕಿ ಪಾಸಾಗಬೇಕು.”

ಕೋರ್ಟಿನ ಅಪ್ಪಣೆ ಪಡೆದು ಸ್ವಿಚ್ಚನ್ನು ಸಂಜೆಯೊಳಗೆ ಕಾಲೇಜಿಗೆ ಒಪ್ಪಿಸುವ ಏರ್ಪಾಡಾಯಿತು. ಗುರುಲಿಂಗಯ್ಯನಿಗೆ ಮುದುಕಿಯ ಮೇಲೆ ಅಕ್ಕರೆ ಉಕ್ಕಿತ್ತು, ಆದರೂ ಕಾನೂನು ಕಾನೂನೇ. ದಸ್ತಗಿರಿಯ ಕಾಗದ ಮುಂದಿಟ್ಟು ಮೆಲ್ಲಗೆ ಕೇಳಿದ:

“ಕಳವು ಮಾಡೋ ಅಷ್ಟು ಅಂಜಿಕಿ ಯಾಕ ಯಮ್ಮಾ?”

ವಿಮಲಾಬಾಯಿ ಹೆಬ್ಬೆಟ್ಟು ಒತ್ತಿದಳು. “ದಿನ ತುಂಬೋತನಕ ಫರಸಿ ಕಲ್ಲಿನ ಪಾಲಿಶ್ ಮಷೀನಿನ ಮುಂದ ದೂಳಾಗ ದುಡದಾಕಿ ನಾ. ಎರಡು ಕೂಸು ಉಳೀಲಿಲ್ಲ, ಸಾಹೇಬ್ರ. ಹೋಗಬ್ಯಾಡ ಅಂತ ಕೈ ಹಿಡದು ಕುಂದ್ರಸೋರು ನನಗ ಯಾರೂ ಇರಲಿಲ್ಲ. ಆಕಿಗೆ ನಾ ಇದ್ದೀನಿ.”